ಗಿಡದ ಹೇನಿನ ಫೋಟೋ ಮಸುಕು ಬರ್ತಿದೆಯಾ? ಲೆನ್ಸ್ ಬದಲಿಸುವ ಮುಂಚೆ ಇದನ್ನು ನೋಡಿ

ಅವರೆ ಹೂ ಬಿಡುವ ಕಾಲಕ್ಕೆ ಕೋಲಾರದ ಸುತ್ತ ಯಾವ ಹೊಲಕ್ಕೆ ಇಳಿದರೂ ಕರಿ ಹೇನು ಸಿಗುತ್ತದೆ. ಟೊಮೆಟೊದಲ್ಲಿ ಬಿಳಿ ನೊಣ, ಮೆಣಸಿನ ಗಿಡದಲ್ಲಿ ಥ್ರಿಪ್ಸ್ ಅನ್ನುವ ಪುಟಾಣಿ ಹುಳ, ಹಿಪ್ಪುನೇರಳೆ ಕುಡಿಯಲ್ಲಿ ಹಿಟ್ಟು ತಿಗಣೆ, ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟರೆ ಜಿಗಿಹುಳು. ಮ್ಯಾಕ್ರೊ ಫೋಟೋ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಫೋಟೋ ಹುಚ್ಚು ಹತ್ತಿದವರಿಗೆ ಈ ಜಿಲ್ಲೆಯಲ್ಲಿ ಹುಳಕ್ಕೇನೂ ಬರ ಇಲ್ಲ.

ಆದರೆ ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ ಮುಕ್ಕಾಲು ಪಾಲು ಮಸುಕು. "ಸಾರ್, ಲೆನ್ಸ್ ಹೋಗಿದೆ ಅನ್ಸುತ್ತೆ, ಬೇರೆ ತಗೊಳ್ಳಲಾ?" ಅಂತ ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟೆ: ದುಡ್ಡು ಜೇಬಲ್ಲೇ ಇರಲಿ, ಆ ಕೆಟ್ಟ ಫೋಟೋ ಮಾತ್ರ ಡಿಲೀಟ್ ಮಾಡಬೇಡ. ಎಲ್ಲಿ ಕೆಟ್ಟಿದೆ ಅಂತ ಆ ಫೋಟೋನೇ ಹೇಳುತ್ತದೆ. ಗಾಳಿಯಿಂದ ಆದ ಮಸುಕು ಒಂದು ಥರ ಕಾಣುತ್ತದೆ, ಫೋಕಸ್ ತಪ್ಪಿದ ಮಸುಕು ಇನ್ನೊಂದು ಥರ, ಲೆನ್ಸಿನ ಮೇಲೆ ಅಂಟು ಕೂತರೆ ಬೇರೆಯೇ ಥರ. ಲೆನ್ಸ್ ನಿಜವಾಗಿಯೂ ಕೆಟ್ಟಿರುವುದು ತುಂಬಾ ಅಪರೂಪ.

ಮೊದಲು ಒಂದು ಸ್ಟೀಲ್ ಸ್ಕೇಲು ತನ್ನಿ

ಹೊಲಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಬಿಡಿ. ಮಿಲಿಮೀಟರ್ ಗೆರೆ ಇರುವ ಸ್ಕೇಲನ್ನು ಮೇಜಿನ ಮೇಲೆ ಇಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೋ, ನಾಲ್ಕು ದಪ್ಪ ಪುಸ್ತಕಗಳ ಮೇಲೋ ಇಟ್ಟು, ಸ್ಕೇಲು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಕಾಣುವ ಹಾಗೆ ಮಾಡಿ. ಅಪರ್ಚರನ್ನು (ಲೆನ್ಸಿನ ಒಳಗಿನ ಬೆಳಕಿನ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಎಫ್ 8ಕ್ಕೆ ಇಟ್ಟು 5 ಸೆಂಟಿಮೀಟರ್ ಗೆರೆಗೆ ಫೋಕಸ್ ಮಾಡಿ. ಬಟನ್ ಒತ್ತುವಾಗ ಅಲುಗಬಾರದು, ಅದಕ್ಕೆ 2 ಸೆಕೆಂಡ್ ಟೈಮರ್ ಹಾಕಿ.

ಆ ಗೆರೆ ಶಾರ್ಪ್ ಬಂದರೆ ಕ್ಯಾಮೆರಾ, ಲೆನ್ಸ್ ಎರಡೂ ಚೆನ್ನಾಗಿವೆ. ತೊಂದರೆ ಹೊಲದಲ್ಲಿದೆ. ನೀವು ಹಿಡಿದ ಗೆರೆ ಮಸುಕಾಗಿ ಅದರ ಮುಂದಿನದೋ ಹಿಂದಿನದೋ ಶಾರ್ಪ್ ಬಂದರೆ ಆಟೋಫೋಕಸ್ ಜಾಗ ತಪ್ಪುತ್ತಿದೆ. ಸ್ಕ್ರೀನ್ ನೋಡಿಕೊಂಡು ಕೈಯಲ್ಲೇ ಫೋಕಸ್ ಮಾಡಿ ಇನ್ನೊಮ್ಮೆ ತೆಗೆದರೆ ಗೊತ್ತಾಗುತ್ತದೆ. ಒಂದು ಗೆರೆಯೂ ಸರಿಯಾಗಿಲ್ಲ ಅಂದರೆ ಆಗ ಲೆನ್ಸನ್ನು ಅನುಮಾನಿಸಿ. ಮುಂದಿನ ಗಾಜಿನ ಮೇಲೆ ಕೊಳೆ, ಕಡಿಮೆ ಬೆಲೆಯ ಫಿಲ್ಟರ್, ಮಳೆಗಾಲದಲ್ಲಿ ಬ್ಯಾಗಿನಲ್ಲೇ ಬಿಟ್ಟು ಒಳಗೆ ಬೆಳೆದ ಬೂಷ್ಟು. ಮೊಬೈಲ್ ಟಾರ್ಚ್ ಹಾಕಿ ಲೆನ್ಸನ್ನು ಓರೆಯಾಗಿ ನೋಡಿದರೆ ಬೂಷ್ಟು ಜೇಡರ ಬಲೆಯ ಹಾಗೆ ಕಾಣುತ್ತದೆ.

ಈ ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹುಳದ ನಿಜ ಅಳತೆಯೇ ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಫಲಕ) ಮೇಲೂ ಬೀಳುವಷ್ಟು ಹತ್ತಿರ ಹೋದಾಗ, ಅಂದರೆ 1:1ರಲ್ಲಿ, ಒಂದು ಗೆರೆ ಶಾರ್ಪ್ ಇದ್ದರೆ ಪಕ್ಕದ ಗೆರೆ ಆಗಲೇ ಮಸುಕು. ಸಣ್ಣ ಸೆನ್ಸರ್ (ಎಪಿಎಸ್-ಸಿ) ಕ್ಯಾಮೆರಾದಲ್ಲಿ ಎಫ್ 8ಕ್ಕೆ ನಿಮಗೆ ಸಿಗುವ ಆಳ, ಅಂದರೆ ಮುಂದಿನಿಂದ ಹಿಂದಕ್ಕೆ ಶಾರ್ಪ್ ಇರುವ ಜಾಗ, ಸುಮಾರು 0.6 ಮಿ.ಮೀ. ಅದರ ಎರಡರಷ್ಟು ದೊಡ್ಡದು ಮಾಡಿದರೆ ಕಾಲು ಮಿಲಿಮೀಟರೂ ಇಲ್ಲ. ಹೇನಿನ ಮೈಯೇ ಒಂದೂವರೆ, ಎರಡು ಮಿಲಿಮೀಟರ್ ಇರುತ್ತದೆ. ಅಂದಮೇಲೆ ತಲೆಯಿಂದ ಬಾಲದ ತನಕ ಒಂದೇ ಕ್ಲಿಕ್‌ನಲ್ಲಿ ಶಾರ್ಪ್ ಬರಬೇಕು ಅಂತ ಎದುರಿನಿಂದ ತೆಗೆದರೆ ಎಲ್ಲಿಂದ ಬರುತ್ತೆ? ಪಕ್ಕದಿಂದ ತೆಗೆಯಿರಿ. ಹುಳದ ಉದ್ದ ಸೆನ್ಸರಿಗೆ ಸಮನಾಗಿ ನಿಂತರೆ ಅಷ್ಟೇ ಆಳದಲ್ಲಿ ಕಣ್ಣು, ಕಾಲು, ಹಿಂದಿನ ಎರಡು ಕೊಳವೆ ಎಲ್ಲಾ ಸೇರಿಕೊಳ್ಳುತ್ತವೆ.

ಅದೇ ಸ್ಕೇಲನ್ನು ನೇರವಾಗಿ ಮೇಲಿನಿಂದಲೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಫ್ರೇಮಿನ ಅಗಲಕ್ಕೆ ಎಷ್ಟು ಮಿಲಿಮೀಟರ್ ಕಾಣುತ್ತದೆ ಅಂತ ಎಣಿಸಿ. ಸಣ್ಣ ಸೆನ್ಸರ್ ಸುಮಾರು 23 ಮಿ.ಮೀ. ಅಗಲ. ಫೋಟೋದಲ್ಲಿ 23 ಮಿ.ಮೀ. ಕಂಡರೆ 1:1, 46 ಕಂಡರೆ ಅದರ ಅರ್ಧ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅರ್ಧ ಅಳತೆಗೆ ತೆಗೆದರೆ ಒಂದು ಮಿಲಿಮೀಟರ್ ಉದ್ದದ ಥ್ರಿಪ್ಸ್‌ಗೆ ಸಿಗುವುದು ಬರೀ 130 ಪಿಕ್ಸೆಲ್. ಅಷ್ಟರಲ್ಲಿ ರೆಕ್ಕೆಯ ಅಂಚಿನ ಕೂದಲು ಕಾಣಲಿಲ್ಲ ಅಂತ ಫೋಕಸನ್ನು ಬೈದು ಏನೂ ಉಪಯೋಗ ಇಲ್ಲ. ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವೆ ಕೂರುವ ಖಾಲಿ ಕೊಳವೆ) ಹಾಕಿ ಅಳತೆ ಹೆಚ್ಚಿಸಬೇಕು. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 50 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಟ್ಯೂಬ್ ಹಾಕಿದರೆ 1:1 ಸಿಗುತ್ತದೆ. ಟ್ಯೂಬ್ ಹಾಕಿದ ಮೇಲೆ ದೂರದ್ದು ಏನೂ ಫೋಕಸ್ ಆಗುವುದಿಲ್ಲ. ಅದನ್ನೇ ದೋಷ ಅಂದುಕೊಂಡು ಅಂಗಡಿಗೆ ವಾಪಸ್ ಒಯ್ದವರೂ ಇದ್ದಾರೆ.

ಎಲ್ಲಾದರೂ ಒಂದು ಕಡೆ ಶಾರ್ಪ್ ಇದೆಯಾ?

ಇನ್ನು ಹೊಲದ ಫೋಟೋಗೆ ಬರೋಣ. ನೂರು ಪರ್ಸೆಂಟ್ ಜೂಮ್ ಮಾಡಿ. ಹುಳವನ್ನು ಬಿಟ್ಟು ಎಲೆ, ಕಾಂಡ, ಹೂವಿನ ತೊಟ್ಟು ಎಲ್ಲಾ ನೋಡುತ್ತಾ ಬನ್ನಿ. ಟೊಮೆಟೊ ಕಾಂಡದ ಮೇಲೆ ಕೂದಲು ಇರುತ್ತದಲ್ಲ, ಅದರಲ್ಲಿ ಯಾವುದೋ ನಾಲ್ಕು ಕೂದಲು ಸೂಜಿಯಷ್ಟು ಸ್ಪಷ್ಟವಾಗಿದ್ದು ಹುಳ ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ, ಅಷ್ಟೆ. ಇಷ್ಟು ಹತ್ತಿರದಲ್ಲಿ ಆಟೋಫೋಕಸ್ ನಂಬಬೇಡಿ. ಅದು ಹಿಂದೆ ಮುಂದೆ ಹುಡುಕಾಡುತ್ತಲೇ ಇರುತ್ತದೆ, ಅಷ್ಟರಲ್ಲಿ ಹುಳ ನಾಲ್ಕು ಹೆಜ್ಜೆ ಹೋಗಿರುತ್ತದೆ. ಮ್ಯಾನುಯಲ್‌ಗೆ ಹಾಕಿ, ಬೇಕಾದ ಅಳತೆಗೆ ರಿಂಗ್ ತಿರುಗಿಸಿ ಅಲ್ಲೇ ಬಿಟ್ಟುಬಿಡಿ. ಆಮೇಲೆ ರಿಂಗ್ ಮುಟ್ಟದೆ ಮೈಯನ್ನೇ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಮಾಡುತ್ತಾ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಒತ್ತಿ. ನಾಲ್ಕೈದು ಸಲ ಬಿಡದೆ ಒತ್ತಿ. ಒಂದಾದರೂ ಸಿಗುತ್ತದೆ.

ಎಲ್ಲೂ ಶಾರ್ಪ್ ಇಲ್ಲದಿದ್ದರೆ ಹೊಳೆಯುವ ಚುಕ್ಕೆಗಳನ್ನು ಹುಡುಕಿ. ಹುಳದ ಬೆನ್ನಿನ ಮೇಲಿನ ಬೆಳಕು, ಎಲೆಯ ಮೇಲಿನ ಇಬ್ಬನಿ, ಯಾವುದಾದರೂ ಆಗಲಿ. ಚುಕ್ಕೆ ಗುಂಡಗೆ ಊದಿದ್ದರೆ ಫೋಕಸ್ ತಪ್ಪಿದೆ. ಚುಕ್ಕೆ ಒಂದೇ ದಿಕ್ಕಿಗೆ ಎಳೆದು ಗೆರೆ ಆಗಿದ್ದರೆ ಅಲುಗಾಟ.

ಅಲುಗಿದ್ದು ಕೈಯಾ, ಗಿಡವಾ? ಕ್ಯಾಮೆರಾವನ್ನು ಗಟ್ಟಿಯಾಗಿ ಊರಿ, ಟೈಮರ್ ಹಾಕಿ ಅದೇ ಗಿಡವನ್ನು ಮತ್ತೆ ತೆಗೆಯಿರಿ. ಗೆರೆ ಹೋದರೆ ಕೈ. ಇನ್ನೂ ಇದ್ದರೆ ಗಾಳಿ. ನಮ್ಮ ಕಡೆ ಬಹುಪಾಲು ಗಾಳಿಯೇ. ಆಷಾಢದಲ್ಲಂತೂ ಹೆಗಲ ಮೇಲಿನ ಟವೆಲ್ ನಿಲ್ಲುವುದಿಲ್ಲ, ಇನ್ನು ಅವರೆ ಕುಡಿ ನಿಲ್ಲುತ್ತದಾ! 1:1ರಲ್ಲಿ ಎಲೆ ಒಂದೇ ಒಂದು ಮಿಲಿಮೀಟರ್ ಆಡಿದರೂ ಫೋಟೋದಲ್ಲಿ ಸುಮಾರು 250 ಪಿಕ್ಸೆಲ್ ಜರುಗುತ್ತದೆ. ಕಣ್ಣಿಗೆ ಗಾಳಿ ನಿಂತ ಹಾಗೆ ಕಂಡರೂ ಕ್ಯಾಮೆರಾಗೆ ನಿಂತಿರುವುದಿಲ್ಲ. ಎಲೆ ಅಡ್ಡಡ್ಡ ಆಡದೆ ಲೆನ್ಸಿನ ಕಡೆಗೆ ಹೋಗಿ ಬಂದು ಮಾಡಿದರೆ ಗೆರೆ ಕಾಣುವುದಿಲ್ಲ, ಫೋಕಸ್ ತಪ್ಪಿದ ಹಾಗೇ ಕಾಣುತ್ತದೆ. ಸಾಲಾಗಿ ತೆಗೆದ ಫೋಟೋಗಳಲ್ಲಿ ಶಾರ್ಪ್ ಜಾಗ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಓಡಾಡುತ್ತಿದ್ದರೆ ಅದು ಇದೇ ಕೇಸು.

ಟ್ರೈಪಾಡ್ ತಂದರೆ ಸರಿಹೋಗುತ್ತೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಟ್ರೈಪಾಡ್ ಕ್ಯಾಮೆರಾವನ್ನು ನಿಲ್ಲಿಸುತ್ತದೆ, ಗಿಡವನ್ನಲ್ಲ. ಹೊಲದಲ್ಲಿ ನಾನು ಅದನ್ನು ಒಯ್ಯುವುದೇ ಇಲ್ಲ. ಎಡಗೈಯ ಹೆಬ್ಬೆರಳು ತೋರುಬೆರಳಲ್ಲಿ ಕಾಂಡ ಹಿಡಿಯಿರಿ. ಅದೇ ಎಡಗೈ ಮೇಲೆ ಲೆನ್ಸಿನ ಮೂತಿ ಊರಿ. ಈಗ ಗಿಡ ಆಡಿದರೆ ಲೆನ್ಸೂ ಜೊತೆಗೇ ಆಡುತ್ತದೆ, ನಡುವಿನ ದೂರ ಬದಲಾಗುವುದಿಲ್ಲ. ಫೋಕಸ್ ಸಣ್ಣದಾಗಿ ಸರಿಮಾಡಲು ಬೆರಳು ಕಾಂಡದ ಮೇಲೆ ಒಂದು ಕೂದಲಿನಷ್ಟು ಜಾರಿದರೆ ಸಾಕು. ಬೇರೇನೂ ಮಾಡದೆ ಇದೊಂದನ್ನು ರೂಢಿ ಮಾಡಿಕೊಂಡರೂ ಸಿಗುವ ಫೋಟೋ ಎಷ್ಟೋ ಜಾಸ್ತಿಯಾಗುತ್ತದೆ. ಗಿಡ ಹಿಡಿಯುವ ಮೊದಲು ಔಷಧಿ ಹೊಡೆದಿದ್ದಾರಾ ಅಂತ ತೋಟದವರನ್ನು ಕೇಳಿ.

ಗೆರೆಯೂ ಇಲ್ಲ, ಊದಿದ ಚುಕ್ಕೆಯೂ ಇಲ್ಲ, ಇಡೀ ಫೋಟೋ ಸಮವಾಗಿ ಸಪ್ಪೆ. ಅಪರ್ಚರ್ ಎಷ್ಟಿತ್ತು ನೋಡಿ. ಆಳ ಬೇಕು ಅಂತ ಎಫ್ 22ಕ್ಕೆ ಹೋಗಿರುತ್ತೀರಿ. ಕ್ಯಾಮೆರಾ ತೋರಿಸುವ ಅಂಕಿ ಸಾಮಾನ್ಯವಾಗಿ ದೂರದ ಫೋಟೋದ ಲೆಕ್ಕ. ಹತ್ತಿರ ಹೋದಷ್ಟೂ ನಿಜವಾದ ಅಪರ್ಚರ್ ಇನ್ನೂ ಸಣ್ಣದಾಗುತ್ತದೆ. 1:1ರಲ್ಲಿ ಎಫ್ 16 ಅಂದರೆ ಎಫ್ 32ರ ಕೆಲಸ. ಅದರ ಎರಡರಷ್ಟು ದೊಡ್ಡದು ಮಾಡಿದರೆ ಎಫ್ 48. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಎಲ್ಲವೂ ಮೆತ್ತಗಾಗುತ್ತದೆ. 1:1ಕ್ಕೆ ಎಫ್ 8ರಿಂದ 11, ಅದಕ್ಕಿಂತ ಹತ್ತಿರ ಹೋದರೆ ಎಫ್ 5.6 ಆಸುಪಾಸು ಇಟ್ಟುಕೊಳ್ಳಿ.

ಫ್ಲ್ಯಾಶ್ ಹಾಕಿದ್ದೀನಿ, ಆದರೂ...

ಫ್ಲ್ಯಾಶ್ ಗಾಳಿಗೆ ಒಳ್ಳೆಯ ಮದ್ದು. ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಬೆಳಕು ಹೆಚ್ಚು ಹೊತ್ತು ಇರುತ್ತದೆ. 1/32ರಷ್ಟು ಕಡಿಮೆ ಶಕ್ತಿಯಲ್ಲಿ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಬೆಳಕು ಬಂದು ಹೋಗಿರುತ್ತದೆ. ಹಾಗಾಗಿ ಫ್ಲ್ಯಾಶನ್ನು ಹುಳದ ಹತ್ತಿರ ತಂದು ಶಕ್ತಿ ಇಳಿಸಿ.

ಆದರೂ ಹುಳದ ಸುತ್ತ ನೆರಳಿನಂಥ ಎರಡನೇ ಚಿತ್ರ ಕಾಣುತ್ತಿದ್ದರೆ ಬಿಸಿಲು ಒಳಗೆ ನುಗ್ಗಿದೆ. ಫ್ಲ್ಯಾಶ್ ಆರಿಸಿ, ಉಳಿದದ್ದು ಹಾಗೇ ಬಿಟ್ಟು ಒಂದು ಫೋಟೋ ತೆಗೆಯಿರಿ. ಅದು ಹೆಚ್ಚುಕಡಿಮೆ ಕಪ್ಪಗೆ ಬರಬೇಕು. ಹುಳ ಕಾಣುತ್ತಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕೆ ಇಳಿಸಿ, ಇಲ್ಲವೇ ಒಂದು ಕೊಡೆ ಹಿಡಿದು ನೆರಳು ಮಾಡಿ. ಬೇಸಿಗೆ ಮಧ್ಯಾಹ್ನ ಕೊಡೆ ನಿಮಗೂ ಬೇಕು. ಶಟರ್ ವೇಗ ಜಾಸ್ತಿ ಮಾಡಿ ಬಿಸಿಲು ತಡೆಯೋಣ ಅಂತ 1/200, 1/250 ಸೆಕೆಂಡ್ ದಾಟಿದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶ್ ಎಬ್ಬಿಸಿದರೆ ಕೆಳಗಡೆ ಅರ್ಧಚಂದ್ರದಂಥ ಕತ್ತಲೆ ಬರುತ್ತದೆ, ಅದು ಲೆನ್ಸಿನ ನೆರಳು. ಇವೆರಡರಲ್ಲಿ ಯಾವುದಕ್ಕೂ ಕ್ಯಾಮೆರಾ ರಿಪೇರಿಗೆ ಕೊಡಬೇಕಾಗಿಲ್ಲ.

ಅವರೆಯ ಕರಿ ಹೇನಿನದು ಬೇರೆ ಕಥೆ. ಬಲಿತ ಹೇನು ಎಣ್ಣೆ ಸವರಿದ ಹಾಗೆ ಮಿಂಚುತ್ತದೆ. ಬರೀ ಫ್ಲ್ಯಾಶ್ ಹೊಡೆದರೆ ಬೆನ್ನ ಮೇಲೆ ಸುಟ್ಟ ಬಿಳಿ ಮಚ್ಚೆ ಕೂರುತ್ತದೆ, ಮಿಕ್ಕಿದ್ದೆಲ್ಲ ಕಪ್ಪು ಗುಂಡಿ. ನಡುವೆ ಬೆಳಕನ್ನು ಹರಡಿ ಮೆದುವಾಗಿಸುವ ಡಿಫ್ಯೂಸರ್ ಬೇಕು. ಬಟರ್ ಪೇಪರ್ ಎರಡು ಪದರ ಆದೀತು, ಬಿಳಿ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಆದೀತು. ಹುಳಕ್ಕೆ ಎಷ್ಟು ಹತ್ತಿರ, ಎಷ್ಟು ಅಗಲ ಇರುತ್ತದೋ ಅಷ್ಟು ಒಳ್ಳೆಯದು. ಫ್ಲ್ಯಾಶಿಗೇ ಅಂಟಿಸಿದ ಪುಟ್ಟ ಡಬ್ಬಿಯಿಂದ ಏನೂ ಪ್ರಯೋಜನ ಇಲ್ಲ. ಅದೇ ಗುಂಪಿನ ಮರಿಗಳ ಮೇಲೆ ತೆಳುವಾಗಿ ಮೇಣದ ಬೂದಿ ಇರುತ್ತದೆ, ಅವು ಮಂಕಾಗಿ ಬೂದು ಬಣ್ಣಕ್ಕೆ ಕಾಣುತ್ತವೆ. ತಾಯಿ ಹೊಳೆಯುತ್ತಿದೆ, ಮರಿ ಮಂಕಾಗಿದೆ, ಮರಿಗೆ ಫೋಕಸ್ ಬಂದಿಲ್ಲ ಅಂತ ತಿದ್ದಲು ಹೋಗಬೇಡಿ. ಅವುಗಳ ಮೈ ಇರುವುದೇ ಹಾಗೆ.

ಹಿಟ್ಟು ತಿಗಣೆಗೆ ಇದರ ಉಲ್ಟಾ. ಕಡು ಹಸಿರು ಎಲೆಯ ನಡುವೆ ಸಣ್ಣ ಬಿಳಿ ಹುಳ ಇದ್ದರೆ ಕ್ಯಾಮೆರಾ ಎಲೆಯನ್ನು ನೋಡಿ ಬೆಳಕು ಏರಿಸುತ್ತದೆ, ಹುಳ ಸುಣ್ಣದ ಮುದ್ದೆಯಾಗುತ್ತದೆ. ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಕಡಿಮೆ ಮಾಡಿ ತೆಗೆಯಿರಿ. ಹಿಪ್ಪುನೇರಳೆಯಲ್ಲಿ ತುಕ್ರಾ ಅನ್ನುವ ಬಾಧೆ ಬಂದು ಕುಡಿ ಮುರುಟಿದ ಕಡೆ ಈ ತಿಗಣೆ ಸುಕ್ಕಿನ ಒಳಗೆ ಅಡಗಿರುತ್ತದೆ. ಸುಕ್ಕು ಬಿಡಿಸದೆ ಬೆಳಕು ಒಳಗೆ ಹೋಗುವುದಿಲ್ಲ.

ಮಾವಿನ ತೋಪಿನಲ್ಲಿ ಬರುವ ಮಂಜು

ಒಂದು ದೋಷ ಮಾವು ಹೂ ಬಿಡುವ ಕಾಲದ್ದು. ಶ್ರೀನಿವಾಸಪುರದ ಯಾವುದಾದರೂ ತೋಪಿನಲ್ಲಿ ಜಿಗಿಹುಳು ಜಾಸ್ತಿ ಇರುವ ಮರದ ಕೆಳಗೆ ಬೆಳಗ್ಗೆ ಶುರು ಮಾಡಿ. ಮೊದಲ ಫೋಟೋಗಳು ಚೆನ್ನಾಗಿ ಬರುತ್ತವೆ. ಅರ್ಧ ಗಂಟೆ ಕಳೆದ ಮೇಲೆ ತೆಗೆದವು ಒಂದೊಂದಾಗಿ ಮಂಕಾಗುತ್ತಾ ಹೋಗುತ್ತವೆ. ಕಪ್ಪು ಕಪ್ಪಾಗಿ ಇರುವುದಿಲ್ಲ, ಹೊಳೆಯುವ ಕಡೆಯೆಲ್ಲ ಸುತ್ತ ಬೆಳಕಿನ ಬಳೆ. ಸೂರ್ಯನ ಕಡೆ ತಿರುಗಿದರೆ ಇನ್ನೂ ಮೋಸ. ಚಳಿಗೆ ಲೆನ್ಸ್ ಮಂಜು ಹಿಡಿದಿದೆ ಅಂತ ಮೊದಲು ಅನ್ನಿಸುವುದು ಸಹಜ. ಮಂಜಾದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಆರಬೇಕು. ಇದು ಆರುವುದಿಲ್ಲ. ಲೆನ್ಸಿನ ಪಕ್ಕಕ್ಕೆ ಬೆರಳು ಮುಟ್ಟಿಸಿ ನೋಡಿ, ಜಿಗುಟು.

ಹೂಗೊಂಚಲಿನ ರಸ ಹೀರುವ ಈ ಹುಳುಗಳು ಸಕ್ಕರೆ ನೀರಿನಂಥ ಅಂಟನ್ನು ಹೊರಗೆ ಬಿಡುತ್ತವೆ. ಹುಳ ಜಾಸ್ತಿ ಇದ್ದರೆ ಅದು ಸೋನೆ ಮಳೆಯ ಹಾಗೆ ಉದುರುತ್ತಲೇ ಇರುತ್ತದೆ. ಕೆಳಗಿನ ಎಲೆ ಮಿರಮಿರ ಮಿಂಚುವುದು, ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುವುದು ಇದರಿಂದಲೇ. ಮುಖ ಮೇಲೆ ಮಾಡಿದ ಲೆನ್ಸ್ ಕೂಡ ಅದಕ್ಕೆ ಒಂದು ಎಲೆ ಇದ್ದಂತೆ.

ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಅಂಟಿನಲ್ಲಿ ನಮ್ಮ ರಸ್ತೆಯ ಕೆಂಧೂಳು ಸೇರಿರುತ್ತದೆ, ಗಾಜು ಗೀರುತ್ತದೆ. ಮೊದಲು ಬ್ಲೋವರ್‌ನಿಂದ ಧೂಳು ಊದಿ. ಆಮೇಲೆ ಲೆನ್ಸ್ ಬಟ್ಟೆಯ ತುದಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದಿಷ್ಟೇ ಒದ್ದೆ ಮಾಡಿ ಒತ್ತದೆ ಸವರಿ. ಸ್ಪಿರಿಟ್ ಹಾಕಿ ಒರೆಸಿದೆ, ಹೋಗಲಿಲ್ಲ ಅನ್ನುವವರು ಇದ್ದಾರೆ. ಹೋಗುವುದಿಲ್ಲ, ಸಕ್ಕರೆ ಸ್ಪಿರಿಟ್‌ನಲ್ಲಿ ಅಷ್ಟಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮಾವಿನ ಕೆಳಗೆ ಹೋಗುವಾಗ ಮಾತ್ರ ನಾನು ಲೆನ್ಸಿಗೆ ಒಂದು ಸಾದಾ ಯುವಿ ಫಿಲ್ಟರ್ ಹಾಕುತ್ತೇನೆ. ಸಂಜೆ ಅದನ್ನು ಬಿಚ್ಚಿ ನಲ್ಲಿ ನೀರಲ್ಲೇ ತೊಳೆದರೂ ನಡೆಯುತ್ತದೆ.

ಕಪ್ಪು ಚುಕ್ಕೆಗಳು ಎಲ್ಲಾ ಫೋಟೋದಲ್ಲೂ ಒಂದೇ ಜಾಗದಲ್ಲಿ ಬರುತ್ತಿದ್ದರೆ ಅದು ಸೆನ್ಸರ್ ಮೇಲಿನ ಧೂಳು. ಎಫ್ 16ಕ್ಕೆ ಇಟ್ಟು ಬರೀ ಆಕಾಶ ತೆಗೆದರೆ ಎದ್ದು ಕಾಣುತ್ತದೆ. ಎಲೆಯ ಮೇಲೆ ಬಿಳಿ ಚೂರುಗಳು ಕಾಣುತ್ತಿದ್ದರೆ ಧೂಳು ಅಂತ ಅಳಿಸಲು ಕೂರಬೇಡಿ. ಹೇನು ದೊಡ್ಡದಾಗುವಷ್ಟರಲ್ಲಿ ಸಾಮಾನ್ಯವಾಗಿ ನಾಲ್ಕು ಸಲ ಪೊರೆ ಕಳಚುತ್ತದೆ, ಆ ಪೊರೆಗಳವು. ಗುಂಪಿನ ನಡುವೆ ಒಂದೆರಡು ಹೇನು ಉಬ್ಬಿಕೊಂಡು ಕಂದು ಬಂಗಾರದ ಬಣ್ಣಕ್ಕೆ ತಿರುಗಿದ್ದರೆ ಕ್ಯಾಮೆರಾದ ಬಣ್ಣದ ಲೆಕ್ಕ (ವೈಟ್ ಬ್ಯಾಲೆನ್ಸ್) ಕೆಟ್ಟಿಲ್ಲ. ಪುಟಾಣಿ ಕಣಜ ಅದರ ಒಳಗೆ ಮೊಟ್ಟೆ ಇಟ್ಟಿದೆ, ಹೇನು ಸತ್ತು ಚಿಪ್ಪಾಗಿದೆ. ಬೆನ್ನ ಮೇಲೆ ಗುಂಡಗೆ ತೂತು ಇದ್ದರೆ ಕಣಜ ಹೊರಗೆ ಹೋಗಿಯಾಯಿತು. ಅಂಥದ್ದು ಸಿಕ್ಕರೆ ಬಿಡಬೇಡಿ, ತೋಟದವರಿಗೆ ತೋರಿಸಲು ಅದಕ್ಕಿಂತ ಒಳ್ಳೆ ಫೋಟೋ ಇಲ್ಲ.

ಹುಳವೇ ನಿಲ್ಲುತ್ತಿಲ್ಲ

ಬಿಳಿ ನೊಣಕ್ಕೆ ಬೆಳಗಿನ ಚಳಿಯಲ್ಲಿ ಹೋಗಿ. ಬಿಸಿಲೇರಿದ ಮೇಲೆ ಎಲೆ ತಿರುಗಿಸಿದ ತಕ್ಷಣ ಎಲ್ಲಾ ಎದ್ದು ಹೋಗುತ್ತವೆ. ಜಿಗಿಹುಳು ಲೆನ್ಸ್ ಕಂಡ ಕೂಡಲೇ ಅಡ್ಡಡ್ಡ ನಡೆದು ತೊಟ್ಟಿನ ಆ ಬದಿಗೆ ಸೇರಿಕೊಳ್ಳುತ್ತದೆ. ನೀವು ಸುತ್ತಿಕೊಂಡು ಹೋಗಬೇಡಿ. ಆ ಬದಿಗೆ ಒಂದು ಬೆರಳು ತೋರಿಸಿ, ಅದೇ ಈ ಬದಿಗೆ ಬರುತ್ತದೆ. ಥ್ರಿಪ್ಸ್ ಹೂವಿನ ಒಳಗೆ ಇರುತ್ತದೆ, ಹೂವನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಉದುರುತ್ತದೆ. ಹೇನಿನ ಗುಂಪಿನ ಹತ್ತಿರ ಉಸಿರು ಬಿಡಬೇಡಿ. ಬೆಚ್ಚನೆಯ ಉಸಿರು ತಾಕಿದರೆ ಗಿಡ ಮೇಯಲು ದನವೋ ಮೇಕೆಯೋ ಬಂದಾಗ ಮಾಡುವ ಹಾಗೆ ಕೈಬಿಟ್ಟು ಕೆಳಗೆ ಬೀಳುವ ಹೇನುಗಳಿವೆ.

ಫೋನಿನಲ್ಲಿ ತೆಗೆಯುವವರಿಗೆ

ಕ್ಲಿಪ್ ಲೆನ್ಸ್ ಹಾಕಿದ್ದೀರಿ, ಫೋಟೋ ಒಂದು ಸಲ ಚೆನ್ನಾಗಿದೆ, ಮರುಕ್ಷಣ ಪೂರ್ತಿ ಮಸುಕು. ಹತ್ತಿರ ಹೋದಾಗ ಫೋನು ತಾನಾಗೇ ಬೇರೆ ಕ್ಯಾಮೆರಾಗೆ ಜಿಗಿದಿದೆ. ಪರೀಕ್ಷೆ ಸುಲಭ: ಒಂದೊಂದೇ ಕ್ಯಾಮೆರಾ ಕಣ್ಣನ್ನು ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಸ್ಕ್ರೀನ್ ಕಪ್ಪಾಗುತ್ತದೋ ಅದೇ ಕೆಲಸ ಮಾಡುತ್ತಿರುವುದು. ಸೆಟ್ಟಿಂಗ್‌ನಲ್ಲಿ ಆಟೋ ಮ್ಯಾಕ್ರೊ ಆರಿಸಿ, ಮುಖ್ಯ ಕ್ಯಾಮೆರಾದ ನಡುಮಧ್ಯಕ್ಕೆ ಕ್ಲಿಪ್ ಕೂರಿಸಿ, ಸ್ಕ್ರೀನ್ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಕಡಿಮೆ ಬೆಲೆಯ ಫೋನುಗಳಲ್ಲಿ ಮ್ಯಾಕ್ರೊ ಅಂತ ಕೊಡುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇದಕ್ಕೆ ಸಾಲದು, ಅದನ್ನು ಮರೆತುಬಿಡಿ. ಒಂದೇ ಹುಳಕ್ಕೆ ಎರಡೆರಡು ಕಾಲು ಕಂಡರೆ ಫೋನು ಹಲವು ಫೋಟೋ ಸೇರಿಸಿ ಒಂದು ಮಾಡುವಾಗ ಎಲೆ ಆಡಿದೆ. ಕಾಂಡ ಹಿಡಿಯಿರಿ.

ಗುರುತು ಹಿಡಿಯಲು ಕಳಿಸುವ ಫೋಟೋ

ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯವರಿಗೋ ತೋರಿಸಲು ತೆಗೆಯುತ್ತಿದ್ದರೆ ಅಂದ ಬೇಕಾಗಿಲ್ಲ. ಇಡೀ ಗಿಡ, ಎಲೆಯ ಅಡಿಭಾಗ, ಹುಳ ಹತ್ತಿರದಿಂದ, ಈ ಮೂರು ಇರಲಿ. ಒಂದರಲ್ಲಿ ಸ್ಕೇಲಿನ ಗೆರೆಯೂ ಸೇರಲಿ. ಬೆಳೆ, ಊರು, ತಾರೀಕು ಬರೆಯಿರಿ.

ಥ್ರಿಪ್ಸ್ ವಿಷಯದಲ್ಲಿ ಎಷ್ಟೇ ಶಾರ್ಪ್ ಫೋಟೋ ಇದ್ದರೂ ಯಾವ ಜಾತಿ ಅಂತ ಖಚಿತ ಹೇಳಲು ಅದು ಸಾಲದು. ಮೆಣಸಿನ ಹೂ ಉದುರಿಸುವ ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನುವ ಜಾತಿ ನಮ್ಮ ದೇಶದಲ್ಲಿ ಇದೆ ಅಂತ 2015ರಲ್ಲಿ ವರದಿಯಾದದ್ದು ಬೆಂಗಳೂರಿನ ಪಪ್ಪಾಯ ಗಿಡದಿಂದ. ಇಂಥವನ್ನು ಗಾಜಿನ ಸ್ಲೈಡ್ ಮೇಲೆ ಕೂರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಗುರುತಿಸುತ್ತಾರೆ. ಹಾಗಾಗಿ ಫೋಟೋ ಜೊತೆಗೆ ಹತ್ತಿಪ್ಪತ್ತು ಹುಳುಗಳನ್ನೂ ಕೊಡಿ. ಬಿಳಿ ಹಾಳೆಗೆ ತಟ್ಟಿ, ಒದ್ದೆ ಮಾಡಿದ ಸಣ್ಣ ಬ್ರಷ್‌ನಿಂದ ಎತ್ತಿ, 70 ಪರ್ಸೆಂಟ್ ಆಲ್ಕೋಹಾಲ್ ಇರುವ ಪುಟ್ಟ ಸೀಸೆಗೆ ಹಾಕಿ. ಸ್ಯಾನಿಟೈಸರ್ ಜೆಲ್ ಬೇಡ, ಕಾಲು ರೆಕ್ಕೆ ಅದಕ್ಕೇ ಅಂಟಿಕೊಳ್ಳುತ್ತವೆ. ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಇಂಕು ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.